ಅಂಗೈಯಗಲದ ರಣರಂಗ

ಆಟಿ ತಿಂಗಳ ಮಳೆ ಹಿಡಿಯಿತೆಂದರೆ ನಮ್ಮ ಕಡೆಯ ಮಕ್ಕಳಿಗೆ ಅಂಗಳವೆಂಬುದಿಲ್ಲ. ಕಳೆದ ವರ್ಷ ಅಂಥ ಮಳೆಯಲ್ಲೇ ಅಕ್ಕನ ಮನೆಗೆ ಹೋದ ನಾವು ನಾಲ್ಕು ದಿನ ಅಲ್ಲಿಯೇ ಉಳಿಯಬೇಕಾಗಿ ಬಂದಿತು. ಎಂಟನೆಯ ತರಗತಿಯಲ್ಲಿ ಓದುತ್ತಿರುವ ಸೋದರಳಿಯ, ಬಂದವರನ್ನು ಮಾತನಾಡಿಸುವ ಗೊಡವೆಗೂ ಹೋಗದೆ, ಚಾವಡಿಯ ಮೂಲೆಯಲ್ಲಿ ಮೇಜಿನ ಮೇಲೆ ಬಗ್ಗಿ ಕುಳಿತಿದ್ದ. ಹತ್ತಿರ ಹೋಗಿ ನೋಡಿದಾಗ ನಮಗೂ ಮಾತು ಮರೆತುಹೋಯಿತು. ಗೇಣುದ್ದದ ಹಲಗೆಯೊಂದರ ಮೇಲೆ ೧೯೪೪ರ ಇಟಲಿ ದೇಶದ ಹಳ್ಳಿಯ ಮೂಲೆಯೊಂದು ಮೈತಳೆದಿತ್ತು. ಗುಂಡೇಟಿಗೆ ಅರ್ಧ ಕುಸಿದ ಕಲ್ಲಿನ ಮನೆ, ಮಗ್ಗುಲಲ್ಲಿ ಹಗ್ಗ ಸಹಿತವಾದ ಬಾವಿ, ಕೆಸರಿನ ರಸ್ತೆ, ರಸ್ತೆಯ ಮೇಲೆ ಎಂಟು ಸೆಂಟಿಮೀಟರ್ ಉದ್ದದ ಷರ್ಮನ್ ಟ್ಯಾಂಕು, ಅದರ ಹಿಂದೆ ಒಂದಂಗುಲ ಎತ್ತರದ ಒಂಬತ್ತು ಮಂದಿ ಸೈನಿಕರು. ಹತ್ತನೆಯವನ ಶಿರಸ್ತ್ರಾಣಕ್ಕೆ ಹುಡುಗ ಉಸಿರು ಬಿಗಿಹಿಡಿದು ಬಣ್ಣ ಹಚ್ಚುತ್ತಿದ್ದ.

ಆ ನಾಲ್ಕು ದಿನಗಳಲ್ಲಿ ನಾವು ಅವನಿಂದ ಕಲಿತುದನ್ನೂ, ಕೊನೆಯ ದಿನ ಆ ಮನೆಯ ಅಜ್ಜಿಯವರಿಂದ ಕಲಿತುದನ್ನೂ ಈ ತಿಂಗಳು ವಾಚಕರ ಮುಂದಿಡುತ್ತೇವೆ.

ಈ ಹವ್ಯಾಸಕ್ಕೆ ಡಯೋರಾಮಾ ರಚನೆಯೆಂದು ಹೆಸರು. ಗ್ರೀಕ್ ಮೂಲದ ಈ ಪದವನ್ನು ಬಳಕೆಗೆ ತಂದವನು, ಮುಂದೆ ಛಾಯಾಚಿತ್ರಣದ ಮೂಲಪುರುಷರಲ್ಲೊಬ್ಬನೆನಿಸಿದ ಫ್ರಾನ್ಸಿನ ಲೂಯಿ ದಗೇರ್. ೧೮೨೨ರಲ್ಲಿ ಆತ ಪ್ಯಾರಿಸ್ ನಗರದಲ್ಲಿ ತೆರೆದ ಪ್ರದರ್ಶನಶಾಲೆಯಲ್ಲಿ, ಭಾರಿ ಪರದೆಗಳ ಮೇಲಿನ ಚಿತ್ರಗಳು ಬೆಳಕಿನ ಮಾರ್ಪಾಟಿನಿಂದ ನೋಡನೋಡುತ್ತಿದ್ದಂತೆ ಬದಲಾಗುತ್ತಿದ್ದವು. ಕಾಲಕ್ರಮದಲ್ಲಿ ಆ ಹೆಸರು ನೆಲ, ಮನೆ, ಮರ, ಮನುಷ್ಯರೆಲ್ಲವನ್ನೂ ಕಿರಿದುಗೊಳಿಸಿ ಒಂದು ಗಳಿಗೆಯನ್ನು ಹಿಡಿದು ನಿಲ್ಲಿಸುವ ಕಲೆಗೆ ಅಂಟಿಕೊಂಡಿತು. ೧೮೯೩ರಲ್ಲಿ ಇಂಗ್ಲೆಂಡಿನ ವಿಲಿಯಂ ಬ್ರಿಟನ್ ಸಂಸ್ಥೆ ಒಳಗೆ ಟೊಳ್ಳಾದ ಸೀಸದ ಸೈನಿಕರನ್ನು ಎರಕ ಹೊಯ್ಯತೊಡಗಿದ ಮೇಲೆ ಅಂಥ ಬೊಂಬೆಗಳು ಹಗುರವೂ ಅಗ್ಗವೂ ಆದವು. ಎರಡನೆಯ ಮಹಾಯುದ್ಧದ ತರುವಾಯ ಪ್ಲಾಸ್ಟಿಕ್ಕಿನ ಯುಗ ಬಂದು, ಇಂಗ್ಲೆಂಡಿನ ಏರ್‌ಫಿಕ್ಸ್, ಜಪಾನಿನ ತಮಿಯಾ ಮುಂತಾದ ಸಂಸ್ಥೆಗಳು ಬಿಡಿಭಾಗಗಳನ್ನು ಪೆಟ್ಟಿಗೆಯಲ್ಲಿಟ್ಟು ಮಾರತೊಡಗಿದವು.

ಇದರಲ್ಲಿ ಮೊದಲು ತಿಳಿಯಬೇಕಾದುದು ಪ್ರಮಾಣದ ಲೆಕ್ಕ. ನಮ್ಮ ಹುಡುಗನದು ೧:೭೨ರ ಪ್ರಮಾಣ. ಆರಡಿಯ ಆಳೆಂದರೆ ಎಪ್ಪತ್ತೆರಡು ಅಂಗುಲ. ಅವನು ಹಲಗೆಯ ಮೇಲೆ ಒಂದಂಗುಲವಾಗುತ್ತಾನೆ. ಮನೆಯ ಬಾಗಿಲು, ಬಾವಿಯ ಕಟ್ಟೆ, ಮರದ ಎತ್ತರ ಎಲ್ಲಕ್ಕೂ ಇದೇ ಭಾಗಾಕಾರ. ಇದಕ್ಕಿಂತ ದೊಡ್ಡದಾದ ೧:೩೫ರ ಪ್ರಮಾಣ ಹುಟ್ಟಿದ ಬಗೆ ವಿನೋದಕರವಾಗಿದೆ. ೧೯೬೦ರ ದಶಕದ ಆರಂಭದಲ್ಲಿ ತಮಿಯಾ ಸಂಸ್ಥೆಯವರು ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಮಾದರಿಯನ್ನು ಮಾಡಹೊರಟಾಗ, ಒಳಗೆ ಮೋಟಾರೂ ಬ್ಯಾಟರಿಯೂ ಹಿಡಿಯಬೇಕೆಂದು ಗಾತ್ರವನ್ನು ಗೊತ್ತುಮಾಡಿದರು. ಆಮೇಲೆ ಅಳೆದು ನೋಡಿದರೆ ಅದು ಮೂಲದ ಮೂವತ್ತೈದರಲ್ಲೊಂದು ಪಾಲಾಗಿತ್ತು! ಅದೇ ಮುಂದೆ ಜಗತ್ತಿನಾದ್ಯಂತ ರೂಢಿಯಾಯಿತು. ಸ್ಥಳ ಸಾಲದ ಮನೆಗಳಿಗೂ, ಕೈ ಬಿಗಿಹಿಡಿದು ಖರ್ಚು ಮಾಡುವ ಹೆತ್ತವರಿಗೂ ೧:೭೨ರ ಪ್ರಮಾಣವೇ ಒಪ್ಪುವಂಥದು.

ನೆಲ ಮಾಡುವುದಕ್ಕೆ ಪೇಟೆಯ ಸಾಮಗ್ರಿ ಬೇಕಾಗಿಲ್ಲ. ಥರ್ಮೋಕೋಲಿನ ಚೂರುಗಳನ್ನು ಹಲಗೆಗೆ ಅಂಟಿಸಿ ಏರುತಗ್ಗು ಮಾಡಿ, ಮೇಲೆ ಕಾಗದದ ಮುದ್ದೆಯನ್ನೋ ಪ್ಲಾಸ್ಟರನ್ನೋ ಬಳಿದು, ಜರಡಿ ಹಿಡಿದ ಮಣ್ಣನ್ನು ಬಿಳಿ ಅಂಟಿನ ಮೇಲೆ ಉದುರಿಸಿದರಾಯಿತು. ಮಣ್ಣನ್ನು ಮೊದಲು ಬಾಣಲೆಯಲ್ಲಿ ಹುರಿದು ತೇವ ತೆಗೆಯಬೇಕು. ಇಲ್ಲವಾದರೆ ನಮ್ಮ ಮಳೆಗಾಲದಲ್ಲಿ ರಣರಂಗಕ್ಕೆ ಬೂಸಲು ಹಿಡಿಯುತ್ತದೆ. ಒಣ ಬೇರಿನ ಕವಲು ಮರವಾಗುತ್ತದೆ, ತೆಂಗಿನ ನಾರಿನ ತುಣುಕು ಹುಲ್ಲಾಗುತ್ತದೆ. ಪ್ಲಾಸ್ಟಿಕ್ ಮಾದರಿಯನ್ನು ಜೋಡಿಸುವ ಘಾಟಿನ ಅಂಟನ್ನು ಮಾತ್ರ ಥರ್ಮೋಕೋಲಿಗೆ ತಾಗಿಸಕೂಡದು. ಮೊದಲ ಪ್ರಯತ್ನದಲ್ಲಿ ಹುಡುಗ ಅದನ್ನೇ ಹಾಕಿ, ಅರ್ಧ ಗುಡ್ಡ ಕಣ್ಣೆದುರೇ ಕರಗಿಹೋದುದನ್ನು ನಗುತ್ತ ಹೇಳಿದ. ಆ ಅಂಟನ್ನು ಬಳಸುವಾಗ ಕಿಟಕಿ ತೆರೆದಿರಬೇಕು. ಹರಿತವಾದ ಅಲಗನ್ನು ಹಿಡಿಯುವಾಗ ಹಿರಿಯರು ಬಳಿಯಲ್ಲಿರಬೇಕು.

ಬಣ್ಣದಲ್ಲಿಯೂ ಕೆಲವು ಗುಟ್ಟುಗಳಿವೆ. ಮೆದು ಪ್ಲಾಸ್ಟಿಕ್ಕಿನ ಬೊಂಬೆಗಳಿಗೆ ಅಚ್ಚಿನ ಜಿಡ್ಡು ಅಂಟಿರುವುದರಿಂದ ಸಾಬೂನಿನ ನೀರಿನಲ್ಲಿ ತೊಳೆದು ಒಣಗಿಸದಿದ್ದರೆ ಬಣ್ಣ ನಿಲ್ಲದು. ಒಂದೇ ಸಲ ದಪ್ಪವಾಗಿ ಬಳಿಯದೆ ತೆಳುವಾಗಿ ಎರಡು ಮೂರು ಸಲ ಹಚ್ಚಬೇಕು. ಬಳಿಕ ಕಡುಬಣ್ಣವನ್ನು ನೀರಾಗಿ ಕದಡಿ ಮೈಮೇಲೆ ಹರಿಸಿದರೆ ಅದು ಅಂಗಿಯ ಮಡಿಕೆಗಳಲ್ಲಿ ನಿಂತು ನೆರಳಾಗುತ್ತದೆ. ಕುಂಚವನ್ನು ಬಟ್ಟೆಯಲ್ಲಿ ಒರಸಿ, ಉಳಿದ ಒಣಬಣ್ಣವನ್ನು ಉಬ್ಬುಗಳ ಮೇಲೆ ಸವರಿದರೆ ಬಿಸಿಲು ಬಿದ್ದಂತಾಗುತ್ತದೆ. ದೂರದ ವಸ್ತು ಕಣ್ಣಿಗೆ ಮಸಕಾಗಿ ಕಾಣುವುದು ಸಹಜವಾದುದರಿಂದ, ಕಿರಿದಾದ ಮಾದರಿಗೆ ನಿಜವಾದ ಬಣ್ಣಕ್ಕಿಂತ ತುಸು ತಿಳಿಯಾದುದನ್ನು ಹಚ್ಚುವುದು ಬಲ್ಲವರ ಪದ್ಧತಿ. ಮನೆಯನ್ನಾಗಲಿ ರಸ್ತೆಯನ್ನಾಗಲಿ ಹಲಗೆಯ ಅಂಚಿಗೆ ಸಮಾನಾಂತರವಾಗಿ ಇಡದೆ ತುಸು ಓರೆಯಾಗಿಟ್ಟರೆ ದೃಶ್ಯಕ್ಕೆ ಜೀವ ಬರುತ್ತದೆ.

ಇಷ್ಟೆಲ್ಲ ಮಾಡಿದರೂ ಕಥೆಯಿಲ್ಲದಿದ್ದರೆ ಅದು ಬೊಂಬೆಗಳ ಸಂತೆಯಷ್ಟೆ. ಅಮೆರಿಕದ ಷೆಪರ್ಡ್ ಪೇನ್ (೧೯೪೬–೨೦೧೫) ೧೯೮೦ರಲ್ಲಿ ಹೊರತಂದ ಡಯೋರಾಮಾ ಕೈಪಿಡಿ ಈ ಹವ್ಯಾಸಿಗಳ ವಲಯದಲ್ಲಿ ಬಹು ಮನ್ನಣೆ ಪಡೆದುದಕ್ಕೆ, ಆತ ಕೈಚಳಕದ ಜೊತೆಗೆ ಕಥನಕ್ಕೂ ಮುಖ್ಯ ಸ್ಥಾನ ಕೊಟ್ಟುದೇ ಕಾರಣ. ನಮ್ಮ ಹುಡುಗನಲ್ಲಿಯೂ ಕಥೆಯಿತ್ತು. ಆ ವರ್ಷಗಳಲ್ಲಿ ಇಟಲಿಯಲ್ಲಿ ಭಾರತೀಯ ಸೇನೆಯ ೪, ೮ ಮತ್ತು ೧೦ನೆಯ ಡಿವಿಷನ್ನುಗಳು ಹೋರಾಡಿದ್ದುವೆಂದು ಆತ ಓದಿದ್ದ. ಟ್ಯಾಂಕಿನ ಮರೆಯಲ್ಲಿ ಮುನ್ನಡೆಯುತ್ತಿದ್ದ ಕಾಲಾಳುಗಳು ನಮ್ಮ ದೇಶದವರೇ ಆಗಿದ್ದರು.

ಕೊನೆಯ ದಿನ ಮುಸ್ಸಂಜೆ ಅಜ್ಜಿಯವರು ದೇವರ ಮುಂದೆ ದೀಪ ಹಚ್ಚಿ ಚಾವಡಿಗೆ ಬಂದರು. ಕನ್ನಡಕವನ್ನು ಏರಿಸಿಕೊಂಡು ಬಹಳ ಹೊತ್ತು ಹಲಗೆಯನ್ನು ನೋಡಿದರು.

"ಭಾರೀ ಚಂದ ಉಂಟು ಮಗಾ. ಅಲ್ಲ, ಈ ಮನೆಯವರು ಎಲ್ಲಿಗೆ ಹೋದದ್ದು? ಬಾವಿ ಉಂಟು, ಹಗ್ಗ ಉಂಟು. ನೀರು ಸೇದುವವರು ಒಬ್ಬರೂ ಕಾಣುವುದಿಲ್ಲವಲ್ಲ?"

"ಇದು ಯುದ್ಧ ಅಜ್ಜಿ. ಸೈನಿಕರು ಮಾತ್ರ ಇರುವುದು."

"ಯುದ್ಧ ಆದದ್ದು ಅವರ ಅಂಗಳದಲ್ಲೇ ಅಲ್ಲವಾ?" ಎಂದು ಹೇಳಿ ಅವರು ಒಳಗೆ ಹೋದರು.

ಹುಡುಗ ನಮ್ಮ ಮುಖ ನೋಡಿದ. "ಏನು ಮಾವಾ, ಅವರನ್ನೂ ಇಡಬೇಕಾ?" ಎಂದು ಕೇಳಿದ. ಥಟ್ಟನೆ ಉತ್ತರ ಕೊಡಲಾಗದೆ ನಾವು ಅವನಿಗೆ ಬೇರೊಂದು ಹಲಗೆಯ ಕಥೆಯನ್ನು ಹೇಳಿದೆವು. ಈ ಕಲೆಯ ಚರಿತ್ರೆಯಲ್ಲಿ ಅಷ್ಟು ದೊಡ್ಡ ಸಾಹಸವೂ ಅಷ್ಟು ದೊಡ್ಡ ತಂಟೆಯೂ ಇನ್ನೊಂದಿರಲಾರದು.

೧೮೧೫ರ ಜೂನ್ ೧೮ರಂದು ವಾಟರ್ಲೂ ಕದನದಲ್ಲಿ ನೆಪೋಲಿಯನ್ ಸೋತ. ಹದಿನೈದು ವರ್ಷಗಳ ಬಳಿಕ, ೧೮೩೦ರಲ್ಲಿ, ಆ ಕದನದ ಪ್ರತಿಕೃತಿಯನ್ನು ರಚಿಸುವ ಕೆಲಸ ವಿಲಿಯಂ ಸೈಬೋರ್ನ್ ಎಂಬ ಬ್ರಿಟಿಷ್ ಸೇನಾಧಿಕಾರಿಗೆ ಬಂದಿತು. ಭೂಮಾಪನದಲ್ಲಿ ನುರಿತವರಾದ ಸೈಬೋರ್ನ್ ಸ್ವತಃ ಆ ಕದನದಲ್ಲಿ ಇದ್ದವರಲ್ಲ. ಆದ್ದರಿಂದಲೇ ಅವರು ಊಹೆಯನ್ನು ನಂಬಲಿಲ್ಲ. ರಣಭೂಮಿಯ ನಡುವಿನ ಲಾ ಹೇ ಸೇಂತ್ ಎಂಬ ಒಕ್ಕಲುಮನೆಯಲ್ಲಿ ಎಂಟು ತಿಂಗಳು ವಾಸವಾಗಿದ್ದು ನೆಲದ ಏರಿಳಿತಗಳನ್ನು ಅಳೆದರು. ೧೮೨೦ರಿಂದ ೧೮೨೬ರವರೆಗೆ ಅಲ್ಲಿ ಸಿಂಹದ ಸ್ಮಾರಕದ ದಿಬ್ಬವನ್ನು ಎಬ್ಬಿಸಲು ಕದನ ನಡೆದ ದಿಣ್ಣೆಯ ಮಣ್ಣನ್ನೇ ಅಗೆದಿದ್ದರಾಗಿ, ಹಿಂದಿನ ನೆಲ ಹೇಗಿತ್ತೆಂಬುದನ್ನೂ ಶೋಧಿಸಬೇಕಾಗಿತ್ತು. ಬದುಕುಳಿದಿದ್ದ ಬ್ರಿಟಿಷ್ ಅಧಿಕಾರಿಗಳಿಗೆ ಪತ್ರ ಬರೆದು, ಸಂಜೆ ಸುಮಾರು ಏಳು ಗಂಟೆಗೆ ನಿಮ್ಮ ದಳ ಎಲ್ಲಿತ್ತು, ಎದುರಿಗೆ ಶತ್ರು ಹೇಗೆ ನಿಂತಿದ್ದ, ಹೊಲದಲ್ಲಿ ಯಾವ ಬೆಳೆಯಿತ್ತು ಎಂದೆಲ್ಲ ಕೇಳಿದರು. ಪ್ರಷ್ಯದ ಸೇನಾ ಕಚೇರಿಯಿಂದಲೂ ಮಾಹಿತಿ ತರಿಸಿದರು. ಬಂದ ನೂರಾರು ಉತ್ತರಗಳಲ್ಲಿ ಒಂದು ಭಾಗವನ್ನು ಅವರ ಮಗ ೧೮೯೧ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದ.

೧೮೩೩ರಲ್ಲಿ ಸರಕಾರ ಹಣ ಕೊಡುವುದನ್ನು ನಿಲ್ಲಿಸಿತು. ಸೈಬೋರ್ನ್ ಕೈಯಿಂದ ಹಾಕಿ ಸಾಲಗಾರರಾದರೂ ಕೆಲಸ ಬಿಡಲಿಲ್ಲ. ೧೮೩೮ರಲ್ಲಿ ಲಂಡನಿನ ಈಜಿಪ್ಷಿಯನ್ ಹಾಲ್‌ನಲ್ಲಿ ಪ್ರತಿಕೃತಿ ಪ್ರದರ್ಶನಕ್ಕೆ ಬಂದಿತು. ಒಂದು ಮೈಲಿಗೆ ಒಂಬತ್ತಡಿಯ ಪ್ರಮಾಣದ ನೆಲ. ಅದರ ಮೇಲೆ ಬೆರಳುಗುರಿನಷ್ಟು ಎತ್ತರದ ಎಪ್ಪತ್ತು ಸಾವಿರಕ್ಕೂ ಮಿಕ್ಕಿದ ಲೋಹದ ಸೈನಿಕರು. ನೆಲದ ಪ್ರಮಾಣದಂತೆ ಲೆಕ್ಕ ಹಾಕಿದರೆ ಒಬ್ಬ ಆಳು ಮೂರು ಮಿಲಿಮೀಟರಷ್ಟೇ ಇರಬೇಕು. ಕಣ್ಣಿಗೆ ಕಾಣಲೆಂದು ಅವರನ್ನು ಸುಮಾರು ಮೂರು ಪಾಲು ದೊಡ್ಡದಾಗಿ ಮಾಡಬೇಕಾಯಿತು.

ಆದರೆ ಅದಾಗಲೇ ತಂಟೆ ಹುಟ್ಟಿಕೊಂಡಿತ್ತು. ಸೈಬೋರ್ನ್ ಆರಿಸಿಕೊಂಡ ಗಳಿಗೆಯಲ್ಲಿ ಬ್ರಿಟಿಷರ ಮಿತ್ರರಾದ ಪ್ರಷ್ಯದ ಸೈನಿಕರು ಪೂರ್ವದ ಅಂಚಿನಿಂದ ಪ್ರವೇಶಿಸಿ ಫ್ರೆಂಚರ ಬಲಪಾರ್ಶ್ವದ ಪ್ಲಾನ್ಸೆನ್ವಾ ಹಳ್ಳಿಯಲ್ಲಿ ಕಾದುತ್ತಿದ್ದರು. ಅವರನ್ನು ಅಷ್ಟು ಸಂಖ್ಯೆಯಲ್ಲಿ ಅಲ್ಲಿ ನಿಲ್ಲಿಸಿದರೆ ಗೆಲುವಿನ ಕೀರ್ತಿಯಲ್ಲಿ ಅವರಿಗೂ ಹಿರಿಯ ಪಾಲು ಸಲ್ಲುತ್ತದೆ. ಇದು ದಂಡನಾಯಕ ವೆಲ್ಲಿಂಗ್ಟನ್ನನಿಗೆ ಹಿಡಿಸಲಿಲ್ಲ. ಈತ ನಮಗೆ ಅಪರಿಚಿತನಲ್ಲ; ೧೭೯೯ರಲ್ಲಿ ಟಿಪ್ಪುವಿನ ಶ್ರೀರಂಗಪಟ್ಟಣ ಬಿದ್ದ ಮೇಲೆ ಅದರ ಆಡಳಿತಕ್ಕೆ ನಿಯುಕ್ತನಾದ ಆರ್ಥರ್ ವೆಲ್ಲೆಸ್ಲಿಯೇ ಈತ. ಕದನದ ಮರುದಿನ ಬರೆದ ವರದಿಯಲ್ಲಿ ಪ್ರಷ್ಯದವರ ಸಕಾಲಿಕ ನೆರವನ್ನು ತಾನೇ ಒಪ್ಪಿಕೊಂಡಿದ್ದವನಿಗೆ, ವರ್ಷಗಳು ಕಳೆದ ಮೇಲೆ ಹಲಗೆಯ ಮೇಲಿನ ಪ್ರಷ್ಯದವರು ಹೆಚ್ಚಾಗಿ ಕಂಡರು. ಮೇಲಿನವರಿಂದ ಆಕ್ಷೇಪಗಳು ಬಂದುವು. ಕೊನೆಗೆ ಸೈಬೋರ್ನ್ ಪ್ರಷ್ಯದ ದಳಗಳನ್ನು ಮಾರ್ಪಡಿಸಿ ಹಲವು ಬೊಂಬೆಗಳನ್ನು ಕಿತ್ತರು. ಒತ್ತಾಯಕ್ಕೆ ಮಣಿದು ಕಿತ್ತರೋ, ಹೊಸ ಸಾಕ್ಷ್ಯ ಸಿಕ್ಕಿ ಕಿತ್ತರೋ ಎಂದು ಇತಿಹಾಸಕಾರರು ಇಂದಿಗೂ ವಾದಿಸುತ್ತಾರೆ. ಸೈಬೋರ್ನ್ ೧೮೪೯ರಲ್ಲಿ ತೀರಿಕೊಂಡರು. ಅವರ ಪ್ರತಿಕೃತಿ ಈಗ ಲಂಡನಿನ ರಾಷ್ಟ್ರೀಯ ಸೇನಾ ವಸ್ತುಸಂಗ್ರಹಾಲಯದಲ್ಲಿದೆ.

ಬೆರಳುಗುರಿನಷ್ಟಿರುವ ಲೋಹದ ಬೊಂಬೆಗಳಿಗೆ ಒಂದು ಸಾಮ್ರಾಜ್ಯದ ಹಿರಿಯರು ಏಕೆ ಅಂಜಬೇಕು? ಬರವಣಿಗೆಯಲ್ಲಾದರೆ "ಮಿತ್ರರ ನೆರವಿನಿಂದ" ಎಂಬ ಎರಡು ಪದಗಳಲ್ಲಿ ಸಾವಿರಾರು ಜನರನ್ನು ಅಡಗಿಸಿಬಿಡಬಹುದು. ಹಲಗೆಯ ಮೇಲೆ ಹಾಗೆ ಮಾಡುವಂತಿಲ್ಲ. ಅಲ್ಲಿದ್ದವರನ್ನು ಇಡಬೇಕು, ಇಲ್ಲವೆ ಇಟ್ಟಿಲ್ಲವೆಂಬುದು ಕಣ್ಣಿಗೆ ಕಾಣಬೇಕು. ಗಡಿನಾಡಿನವರಾದ ನಮಗೆ ಅಂಚಿನಲ್ಲಿ ನಿಂತವರ ಪಾಡನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಆದರೂ ನಮ್ಮ ಕೈಯಲ್ಲೇ ಹಲಗೆಯಿದ್ದಾಗ ನಾವು ಯಾರನ್ನು ಬಿಟ್ಟೆವೆಂಬುದು ನಮ್ಮ ಗಮನಕ್ಕೆ ಬರುವುದಿಲ್ಲ.

ಈ ಮಾತನ್ನು ಅನ್ಯರನ್ನು ಕುರಿತು ಹೇಳುತ್ತಿಲ್ಲ. ಕೆಲವು ವರ್ಷಗಳ ಹಿಂದೆ ಮನೆಯ ಶುಭಕಾರ್ಯವೊಂದಕ್ಕಾಗಿ ನಾವು ನಮ್ಮ ಮನೆತನದ ಚರಿತ್ರೆಯನ್ನು ಬರೆದು ಅಚ್ಚು ಹಾಕಿಸಿದ್ದೆವು. ಗುಡ್ಡ ಕಡಿದು ತೋಟ ಮಾಡಿದ ಅಜ್ಜ, ಮನೆ ಕಟ್ಟಿಸಿದ ದೊಡ್ಡಪ್ಪ, ಎಲ್ಲರೂ ಅದರಲ್ಲಿದ್ದಾರೆ. ತೋಟಕ್ಕೆ ಇಂದಿಗೂ ನೀರೂಡುತ್ತಿರುವ ಸುರಂಗವನ್ನು "ತೋಡಿಸಲಾಯಿತು" ಎಂದು ಬರೆದಿದ್ದೇವೆ. ಗುಡ್ಡದ ಹೊಟ್ಟೆಯೊಳಗೆ ಬಗ್ಗಿ ಕುಳಿತು, ಉಸಿರು ಕಟ್ಟುವ ಕತ್ತಲೆಯಲ್ಲಿ ಅದನ್ನು ತೋಡಿದವರ ಹೆಸರು ಇಡೀ ಪುಸ್ತಕದಲ್ಲಿಲ್ಲ. ಅಜ್ಜಿಯವರ ಪ್ರಶ್ನೆ ಹುಡುಗನಿಗೆಂದು ಬಂದುದಾದರೂ ಅಂದು ರಾತ್ರಿ ನಿದ್ರೆ ಬಾರದುದು ನಮಗೆ.

ಮಳೆ ಹೊಳವಾದ ಮೇಲೆ ನಾವು ಊರಿಗೆ ಮರಳಿದೆವು. ತಿಂಗಳೊಂದರ ಬಳಿಕ ಅಕ್ಕ ಹಲಗೆಯ ಛಾಯಾಚಿತ್ರವನ್ನು ಕಳುಹಿಸಿದಳು. ಹತ್ತನೆಯ ಸೈನಿಕ ಅದರಲ್ಲಿರಲಿಲ್ಲ. ಹುಡುಗ ಅವನ ಬಂದೂಕನ್ನು ಕತ್ತರಿಸಿ, ಶಿರಸ್ತ್ರಾಣವನ್ನು ಕೆರೆದು, ಎಂ-ಸೀಲ್ ಮೆತ್ತಿ ಲಂಗ ತೊಡಿಸಿ, ತಲೆಗೊಂದು ವಸ್ತ್ರ ಕಟ್ಟಿ ಹೆಂಗಸನ್ನಾಗಿ ಮಾಡಿದ್ದ. ಬಾವಿಯ ಹಗ್ಗ ಅವಳ ಕೈಯಲ್ಲಿತ್ತು. ಅವಳಿಗೆ ಎಡೆ ಮಾಡಿಕೊಡಲು ಟ್ಯಾಂಕನ್ನು ಎರಡಂಗುಲ ಹಿಂದಕ್ಕೆ ಸರಿಸಬೇಕಾಯಿತಂತೆ. ಚಿತ್ರವನ್ನು ನೋಡುವವರ ಕಣ್ಣು ಈಗ ಮೊದಲು ಹೋಗುವುದು ಟ್ಯಾಂಕಿನ ಮೇಲಕ್ಕಲ್ಲ.

ಅಂಥ ಹಲಗೆಯೊಂದನ್ನು ಮಕ್ಕಳು ಮಾಡಹೊರಟರೆ, ಯುದ್ಧದ ಆಟವೆಂದು ತಾಯಂದಿರು ತಡೆಯಬೇಕಾಗಿಲ್ಲವೆಂದು ನಮ್ಮ ಅಭಿಪ್ರಾಯ. ಪಕ್ಕದಲ್ಲಿ ಕುಳಿತು, ಈ ಮನೆಯವರು ಎಲ್ಲಿ ಎಂದು ಒಂದು ಮಾತು ಕೇಳಿದರೆ ಸಾಕು.

ನಾವೂ ಕಳೆದ ವಾರ ಊರಿನ ಹಿರಿಯರೊಬ್ಬರ ಮನೆಗೆ ಹೋಗಿ ಸುರಂಗದ ವಿಚಾರ ಕೇಳಿದೆವು. ತೋಡಿದವರು ಮೂವರಂತೆ, ಇಬ್ಬರ ಹೆಸರು ಅವರ ನೆನಪಿನಲ್ಲಿತ್ತು. ಅಚ್ಚಾದ ಪುಸ್ತಕದ ಅಂಚಿನಲ್ಲಿ ಆ ಎರಡು ಹೆಸರುಗಳನ್ನು ಮಸಿಯಲ್ಲಿ ಬರೆದು, ಮೂರನೆಯವರಿಗಾಗಿ ಸ್ಥಳ ಬಿಟ್ಟಿದ್ದೇವೆ.