ಕೊನೆ ಗಳಿಗೆಯಲ್ಲಿ ತಪ್ಪುವ ಆಪರೇಷನ್: ಆರೋಗ್ಯ ಇಲಾಖೆಗೊಂದು ಮನವಿ

ಗೆ,
ಪ್ರಧಾನ ಕಾರ್ಯದರ್ಶಿಗಳು, ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ, ಕರ್ನಾಟಕ ಸರ್ಕಾರ, ಬೆಂಗಳೂರು

ವಿಷಯ: ಸರ್ಕಾರಿ ಆಸ್ಪತ್ರೆಗಳಲ್ಲಿ ದಿನ ಗೊತ್ತುಮಾಡಿದ ಶಸ್ತ್ರಚಿಕಿತ್ಸೆಗಳು ರದ್ದಾಗುವುದನ್ನು ತಡೆಯುವ ಬಗ್ಗೆ.

ಮಾನ್ಯರೇ,

ಹರ್ನಿಯಾ, ಪಿತ್ತಕೋಶದ ಕಲ್ಲು, ಗರ್ಭಕೋಶದ ಗೆಡ್ಡೆ ಮುಂತಾದವುಗಳ ಆಪರೇಷನ್‌ಗೆ ಮೊದಲೇ ದಿನ ಕೊಟ್ಟಿರುತ್ತಾರೆ. ಆ ದಿನಕ್ಕೆಂದು ರೋಗಿ ಕೂಲಿ ಬಿಡುತ್ತಾನೆ, ಮನೆಯವರು ದನಕರುಗಳನ್ನು ನೆರೆಯವರಿಗೆ ಒಪ್ಪಿಸಿ ಜೊತೆಗೆ ಬರುತ್ತಾರೆ. ಹಸಿದು ಕಾದವರಿಗೆ ಮಧ್ಯಾಹ್ನ ‘ಇವತ್ತಾಗಲ್ಲ’ ಎಂಬ ಉತ್ತರ ಸಿಕ್ಕರೆ, ಯಾಕೆಂದು ಕೇಳುವ ಧೈರ್ಯವೂ ಹೆಚ್ಚಿನವರಿಗಿರುವುದಿಲ್ಲ.

ಕಾರಣಗಳು ನಿಗೂಢವೇನಲ್ಲ. ಬಿಪಿ ಏರಿದೆ, ಸಕ್ಕರೆ ಹತೋಟಿಯಲ್ಲಿಲ್ಲ, ರಕ್ತ ಹೊಂದಿಸಿಲ್ಲ. ಹೃದ್ರೋಗಿಗಳು ನುಂಗುವ ಕ್ಲೋಪಿಡೋಗ್ರೆಲ್ ಮಾತ್ರೆಯನ್ನು ಹಲವು ದೊಡ್ಡ ಆಪರೇಷನ್‌ಗಳಿಗೆ ಐದಾರು ದಿನ ಮೊದಲೇ ವೈದ್ಯರ ಸಲಹೆಯಂತೆ ನಿಲ್ಲಿಸಬೇಕಾಗುತ್ತದೆ. ಹಿಂದಿನ ರಾತ್ರಿ ವಾರ್ಡಿನಲ್ಲಿ ವಿಚಾರಿಸಿ ಏನು ಬಂತು? ಉಪವಾಸದ ಗೊಂದಲ ಬೇರೆ. ಅರಿವಳಿಕೆಗೆ ಮುನ್ನ ಲಘು ಆಹಾರಕ್ಕೆ 6 ಗಂಟೆ, ನೀರಿಗೆ 2 ಗಂಟೆ ಅಂತರವಿರಬೇಕೆಂಬುದು ಒಪ್ಪಿತ ನಿಯಮ. ಹಾಲು ಬೆರೆತ ಕಾಫಿ ಆಹಾರದ ಲೆಕ್ಕಕ್ಕೇ ಸೇರುತ್ತದೆ. ಇದನ್ನು ಬಿಡಿಸಿ ಹೇಳದ ಕಡೆ ಬೆಳಗಿನ ಒಂದು ಲೋಟ ಕಾಫಿಯಿಂದ ಆಪರೇಷನ್ ತಪ್ಪಿಹೋಗುತ್ತದೆ.

ಅಪಘಾತದ ಗಾಯಾಳು ಬಂದಾಗ, ತುರ್ತು ಸಿಸೇರಿಯನ್ ಇದ್ದಾಗ ಥಿಯೇಟರ್ ಬಿಟ್ಟುಕೊಡಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಅಂಥ ಕೇಸುಗಳು ಬಂದೇ ಬರುತ್ತವೆಂದು ಗೊತ್ತಿದ್ದೂ ಒಂದೇ ಟೇಬಲ್ಲಿಗೆ ಇಡೀ ದಿನದ ಪಟ್ಟಿ ತುಂಬುವುದು, ಅರಿವಳಿಕೆ ತಜ್ಞರ ರಜೆ ನೋಡದೆ ದಿನ ಕೊಡುವುದು ಆಡಳಿತದ ಲೋಪ. ಇದರ ಹೊಣೆ ರೋಗಿಯದಲ್ಲ.

ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ, ವೈದ್ಯಕೀಯವಲ್ಲದ ಕಾರಣಕ್ಕೆ ಕೊನೆ ಗಳಿಗೆಯಲ್ಲಿ ಆಪರೇಷನ್ ರದ್ದಾದರೆ 28 ದಿನದೊಳಗಿನ ಹೊಸ ದಿನ ಕೊಡಬೇಕು. ಇಲ್ಲವೇ ರೋಗಿ ಬಯಸಿದ ಆಸ್ಪತ್ರೆಯಲ್ಲಿ ಖರ್ಚು ಭರಿಸಬೇಕು. ಅಲ್ಲಿಯೂ ಗಡುವು ಮೀರುವುದುಂಟು, ಆದರೆ ಎಷ್ಟು ರದ್ದಾದವೆಂಬ ಲೆಕ್ಕ ಜನರ ಮುಂದಿರುತ್ತದೆ.

ಆದ್ದರಿಂದ ಮನವಿದಾರರ ಕೋರಿಕೆ ಇಷ್ಟು. ಅರಿವಳಿಕೆ ತಜ್ಞರ ತಪಾಸಣೆ ದಿನ ಕೊಡುವಾಗಲೇ ಶುರುವಾಗಿ, ಕನಿಷ್ಠ ವಾರದ ಮೊದಲು ಮುಗಿಯಬೇಕು. ಎರಡು ದಿನ ಮುಂಚೆ ಆಸ್ಪತ್ರೆಯಿಂದಲೇ ಫೋನ್ ಮಾಡಿ ಜ್ವರ, ಕೆಮ್ಮು, ಮಾತ್ರೆ, ಉಪವಾಸದ ಬಗ್ಗೆ ಕನ್ನಡದಲ್ಲಿ ಮಾತಾಡಬೇಕು. ಜಿಲ್ಲಾಸ್ಪತ್ರೆಗಳಲ್ಲಿ ತುರ್ತು ಕೇಸುಗಳಿಗೆ ಪ್ರತ್ಯೇಕ ಟೇಬಲ್ ಮೀಸಲಿರಬೇಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಪೂರ್ವಾನುಮತಿ ಬೇಕಾದಲ್ಲಿ, ರೋಗಿ ಊರು ಬಿಡುವ ಮೊದಲೇ ಅದು ಕೈಸೇರಿರಬೇಕು. ರದ್ದಾದರೆ ಹೊಸ ದಿನವನ್ನು ಬರಹದಲ್ಲಿ ಕೊಟ್ಟೇ ಕಳಿಸಬೇಕು.

ಇವೆಲ್ಲಕ್ಕೂ ಮೊದಲು, ಓಟಿ ರಿಜಿಸ್ಟರಿನಲ್ಲಿ ‘ರದ್ದಾದ ಕಾರಣ’ ಎಂಬ ಕಾಲಂ ಕಡ್ಡಾಯಗೊಳಿಸಿ, ಅದರ ಲೆಕ್ಕವನ್ನು ಪ್ರತಿ ತಿಂಗಳು ಪ್ರಕಟಿಸುವಂತೆ ಸುತ್ತೋಲೆ ಹೊರಡಿಸಬೇಕೆಂದು ವಿನಂತಿ. ಇದಕ್ಕೆ ಹೊಸ ಅನುದಾನಕ್ಕಾಗಿ ಕಾಯಬೇಕಿಲ್ಲ.

ಇಂತಿ,
ರೋಗಿಗಳು ಹಾಗೂ ಅವರ ಮನೆಯವರ ಪರವಾಗಿ, ಮನವಿದಾರರು