ಆರ್ಬರ್‌ನಲ್ಲಿ ಕಟರ್ ನಿಲ್ಲುವುದು ನಟ್ಟಿನ ಬಿಗಿಯಿಂದ ಮಾತ್ರವೇ?

ಮಿಲ್ಲಿಂಗ್ ಯಂತ್ರದ ಮುಂದೆ ನಿಂತು ಕೆಲಸ ಮಾಡುವವರಲ್ಲಿ ಒಂದು ನಂಬಿಕೆ ಗಟ್ಟಿಯಾಗಿದೆ: ನಟ್ಟು ಎಷ್ಟು ಬಿಗಿಯೋ ಕಟರ್ ಅಷ್ಟು ಭದ್ರ. ಸ್ಪ್ಯಾನರ್‌ಗೆ ಪೈಪು ಸಿಕ್ಕಿಸಿ ಎಳೆಯುವುದೂ ಇದೇ ನಂಬಿಕೆಯಿಂದ. ಇದು ಅರ್ಧ ಸತ್ಯ. ಉಳಿದರ್ಧ ತಿಳಿಯದಿದ್ದರೆ ಆರ್ಬರ್ ಬಾಗುತ್ತದೆ, ಕಟರ್‌ನ ಹಲ್ಲು ಮುರಿಯುತ್ತದೆ, ಮುರಿದ ಚೂರು ಯಾರ ಕಡೆ ಹಾರುತ್ತದೋ ಹೇಳಲಾಗದು.

ಅಡ್ಡ ಮಿಲ್ಲಿಂಗ್ ಯಂತ್ರದಲ್ಲಿ ಆರ್ಬರ್ ಎಂದರೆ ಒಂದು ಉದ್ದನೆಯ ಉಕ್ಕಿನ ದಂಡ. ಅದರ ಒಂದು ತುದಿ ಶಂಕುವಿನಂತೆ ಇಳಿಜಾರಾಗಿ, ಅಂದರೆ ಟೇಪರ್ ಆಗಿ, ಸ್ಪಿಂಡಲ್‌ನ ಬಾಯೊಳಗೆ ಕೂರುತ್ತದೆ. ಈ ಟೇಪರ್‌ನ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಇದೆ. ಡ್ರಿಲ್ಲಿಂಗ್ ಯಂತ್ರದ ಮೋರ್ಸ್ ಟೇಪರ್‌ನ ಕೋನ ಸುಮಾರು 3 ಡಿಗ್ರಿ. ಅಷ್ಟು ಕಡಿಮೆ ಇಳಿಜಾರಿನಲ್ಲಿ ಘರ್ಷಣೆಯೇ ಸಾಕು, ತಟ್ಟಿ ಕೂರಿಸಿದರೆ ತಾನೇ ಕಚ್ಚಿಕೊಳ್ಳುತ್ತದೆ. ಮಿಲ್ಲಿಂಗ್‌ನಲ್ಲಿ ಬಳಸುವ 7/24 ಟೇಪರ್ ಹಾಗಲ್ಲ. ಪ್ರತಿ 24 ಮಿಲಿಮೀಟರ್ ಉದ್ದಕ್ಕೆ 7 ಮಿಲಿಮೀಟರ್ ವ್ಯಾಸ ಕಡಿಮೆಯಾಗುವ ಇದರ ಕೋನ ಸುಮಾರು 16.6 ಡಿಗ್ರಿ. ಸುಲಭವಾಗಿ ಬಿಟ್ಟುಕೊಳ್ಳಲಿ ಎಂದೇ 1920ರ ದಶಕದ ಕೊನೆಯಲ್ಲಿ ಅಮೆರಿಕದ ಯಂತ್ರ ತಯಾರಕರು ಇದನ್ನು ಒಪ್ಪಿಕೊಂಡರು. ಹಾಗಾಗಿ ಈ ಟೇಪರ್‌ನ ಕೆಲಸ ಆರ್ಬರನ್ನು ನಡುಮಧ್ಯಕ್ಕೆ ತಂದು ಕೂರಿಸುವುದಷ್ಟೇ. ಹಿಂದಿನಿಂದ ಎಳೆದು ಹಿಡಿಯುವುದು ಡ್ರಾಬಾರ್, ಸುತ್ತಿಸುವುದು ಸ್ಪಿಂಡಲ್‌ನ ಮುಖದಲ್ಲಿರುವ ಎರಡು ಕೀಗಳು.

ಇನ್ನು ಕಟರ್ ವಿಷಯ. ಕಟರ್‌ನ ನಡುವಿನ ರಂಧ್ರದಲ್ಲಿ ಆರ್ಬರ್ ತೂರುತ್ತದೆ, ಎರಡೂ ಬದಿಗೆ ಕಾಲರ್‌ಗಳೆಂಬ ಬಳೆಗಳು, ತುದಿಗೆ ನಟ್ಟು. ನಟ್ಟು ಬಿಗಿದಾಗ ಎಲ್ಲವೂ ಒತ್ತಿಕೊಂಡು ಒಂದೇ ಗಟ್ಟಿಯಾಗುತ್ತವೆ. ಇಲ್ಲೇ ತೊಂದರೆ ಶುರು. ಕಾಲರ್‌ನ ಎರಡು ಮುಖಗಳು ಸಮಾನಾಂತರವಾಗಿರಬೇಕು. 40 ಮಿಲಿಮೀಟರ್ ವ್ಯಾಸದ ಕಾಲರ್‌ನ ಒಂದು ಅಂಚಿನಡಿ 0.02 ಮಿಲಿಮೀಟರ್ ದಪ್ಪದ ಒಂದು ಚೂರು, ಕಣ್ಣಿಗೇ ಬೀಳದಂಥದ್ದು, ಸಿಕ್ಕಿತೆನ್ನಿ. ಆ ಓರೆ 200 ಮಿಲಿಮೀಟರ್ ದೂರಕ್ಕೆ 0.1 ಮಿಲಿಮೀಟರ್ ಆಗುತ್ತದೆ. ಬಿಗಿದಷ್ಟೂ ನಟ್ಟು ಆರ್ಬರನ್ನೇ ಆ ಓರೆಗೆ ಬಗ್ಗಿಸುತ್ತದೆ! ಒಂದು ಹಲ್ಲಿಗೆ ಕೊಡುವ ಫೀಡ್ ಕೂಡ ಎಷ್ಟೋ ಕೆಲಸಗಳಲ್ಲಿ ಅಷ್ಟೇ ಇರುವುದರಿಂದ, ಕೆಲವು ಹಲ್ಲುಗಳು ಕೆಲಸವನ್ನು ಮುಟ್ಟುವುದೇ ಇಲ್ಲ, ಉಳಿದವು ಎರಡು ಪಾಲು ಹೊರುತ್ತವೆ. ಸುತ್ತಿಗೊಮ್ಮೆ ಕೇಳಿಸುವ 'ಗುಡ್... ಗುಡ್' ಸದ್ದಿಗೆ ಬಹುತೇಕ ಇದೇ ಕಾರಣ. ಪೈಪು ಹಾಕಿ ಎಳೆಯುವ ಮುನ್ನ ಒಂದು ಒಣ ಬಟ್ಟೆಯಿಂದ ಕಾಲರ್ ಒರೆಸುವುದು ಹೆಚ್ಚು ಲಾಭದ ಕೆಲಸ ಎಂಬುದು ನಮ್ಮ ಎಣಿಕೆ.

ನಟ್ಟು ಬಿಗಿಯುವ ಹೊತ್ತೂ ಮುಖ್ಯ. ಆರ್ಬರ್‌ನ ಹೊರತುದಿಗೆ ಆಸರೆಯ ಬೇರಿಂಗ್ ಕೂರಿಸಿದ ಮೇಲೆಯೇ ಬಿಗಿಯಬೇಕು, ಬಿಚ್ಚುವಾಗ ಆಸರೆ ತೆಗೆಯುವ ಮುನ್ನವೇ ಸಡಿಲಿಸಬೇಕು. ಇಲ್ಲವಾದರೆ ಸ್ಪ್ಯಾನರ್‌ನ ಎಳೆತಕ್ಕೆ ದಂಡವೇ ಬಾಗೀತು. ಕಟರನ್ನು ಸ್ಪಿಂಡಲ್‌ಗೆ ಆದಷ್ಟು ಹತ್ತಿರ ಇಡಿ ಎನ್ನುವುದಕ್ಕೂ ಲೆಕ್ಕವಿದೆ: ದಂಡದ ಬಾಗು ಉದ್ದದ ಘನಕ್ಕೆ ತಕ್ಕಂತೆ ಏರುತ್ತದೆ, ಉದ್ದ ಅರ್ಧವಾದರೆ ಬಾಗು ಎಂಟರಲ್ಲೊಂದು ಪಾಲು.

ಕಟರ್‌ಗೂ ಆರ್ಬರ್‌ಗೂ ನಡುವೆ ಕೀ ಬೇಕೇ? ಬಿಗಿದ ಕಾಲರ್‌ಗಳ ಘರ್ಷಣೆಯೇ ಸಾಕು ಎನ್ನುವವರಿದ್ದಾರೆ. ಹಗುರ ಕೆಲಸಕ್ಕೆ ಸಾಕಾಗುವುದೂ ಉಂಟು. ಆದರೆ ಭಾರದ ಕೆಲಸದಲ್ಲಿ ಕಟರ್ ಕಚ್ಚಿಕೊಂಡು ನಿಂತಿತೆಂದರೆ ಆರ್ಬರ್ ಅದರೊಳಗೇ ಸುತ್ತುತ್ತದೆ. ಆ ಜಾರಾಟ ಕಾಲರ್‌ಗಳ ಮೂಲಕ ನಟ್ಟನ್ನೂ ತಲುಪುತ್ತದೆ. ಸ್ಪಿಂಡಲ್ ಒಂದು ದಿಕ್ಕಿಗೆ ಸುತ್ತುತ್ತಿದ್ದರೆ ನಟ್ಟು ಸಡಿಲವಾಗುತ್ತದೆ, ಇನ್ನೊಂದು ದಿಕ್ಕಿಗಾದರೆ ಬಿಚ್ಚಲಾಗದಷ್ಟು ಬಿಗಿಯುತ್ತದೆ. ತೆಳುವಾದ ಸ್ಲಿಟಿಂಗ್ ಗರಗಸಕ್ಕೆ ಮಾತ್ರ ಕೆಲವರು ಬೇಕೆಂದೇ ಕೀ ಹಾಕುವುದಿಲ್ಲ. ಸಿಕ್ಕಿಕೊಂಡಾಗ ಚೂರಾಗುವುದರ ಬದಲು ಜಾರಲಿ ಎಂಬುದು ಅವರ ವಾದ. ಅದರಲ್ಲಿ ಹುರುಳಿದೆ. ಆಗಲೂ ಅಕ್ಕಪಕ್ಕದ ಕಾಲರ್‌ಗೆ ಕೀ ಹಾಕಿದರೆ ನಟ್ಟು ಉಳಿಯುತ್ತದೆ.

ಕೊನೆಗೆ, ಸಣ್ಣ ವರ್ಕ್‌ಶಾಪ್‌ಗಳಲ್ಲಿ ಕಾಣುವ ಒಂದು ಅಪಾಯದ ಅಭ್ಯಾಸ: ಎಂಡ್ ಮಿಲ್ಲನ್ನು ಡ್ರಿಲ್ ಚಕ್‌ಗೆ ಕಚ್ಚಿಸುವುದು. ಡ್ರಿಲ್ ಮೇಲೆ ಬೀಳುವ ಬಲ ಅದರ ಉದ್ದಕ್ಕೇ ಇರುತ್ತದೆ, ಅದು ಚಕ್ಕನ್ನು ಟೇಪರ್‌ಗೆ ಇನ್ನಷ್ಟು ಒತ್ತುತ್ತದೆ. ಎಂಡ್ ಮಿಲ್‌ಗೆ ಅಡ್ಡಬಲ ಬೀಳುತ್ತದೆ, ಜೊತೆಗೆ ಸಾಮಾನ್ಯ ಬಲಸುರುಳಿಯ ಕಟರ್ ತಿರುಗುತ್ತಾ ತನ್ನನ್ನೇ ಕೆಳಕ್ಕೆ ಎಳೆದುಕೊಳ್ಳುತ್ತದೆ. ಅಡ್ಡಬಲಕ್ಕೆ ಅಲುಗಾಡಿ ಅಲುಗಾಡಿ ಚಕ್ ಟೇಪರ್‌ನಿಂದ ಕಳಚಿ, ಸುತ್ತುತ್ತಲೇ ಉದುರಬಹುದು. ಎಂಡ್ ಮಿಲ್‌ಗೆ ಕಾಲೆಟ್ ಬೇಕು, ಇಲ್ಲವೇ ಬದಿಯ ಸ್ಕ್ರೂನಿಂದ ಶ್ಯಾಂಕ್‌ನ ಚಪ್ಪಟೆ ಭಾಗವನ್ನು ಒತ್ತಿ ಹಿಡಿಯುವ ಹೋಲ್ಡರ್ ಬೇಕು.