ನಾಗದಿವ್ಯವೂ ಆಕ್ಷೇಪಕರೂ

ಗಿರೀಶ ಕಾರ್ನಾಡರು 1988ರಲ್ಲಿ ರಚಿಸಿದ 'ನಾಗಮಂಡಲ' ನಾಟಕವನ್ನು ಟಿ. ಎಸ್. ನಾಗಾಭರಣರು 1997ರಲ್ಲಿ ಚಿತ್ರಪಟವಾಗಿಸಿದರು. ಅದಕ್ಕೆ ಹಾಡು ಕಟ್ಟಿದ ಗೋಪಾಲ ವಾಜಪೇಯಿಯವರು ಲಕ್ಷ್ಮೇಶ್ವರದವರೇ. ಹೀಗಿದ್ದೂ ಈ ಸೀಮೆಯ ಸುಶಿಕ್ಷಿತ ಗೃಹಸ್ಥರ ಬಾಯಲ್ಲಿ ಆ ಕಥೆಯ ಮೇಲೆ ಎರಡು ಆಕ್ಷೇಪಗಳು ಕೇಳಿಬರುವದುಂಟು. ಹಾವು ಗಂಡನ ರೂಪ ತಾಳುವದು ಬರಿಯ ಮೌಢ್ಯವೆಂಬುದು ಒಂದು. ಅನ್ಯನೊಡನೆ ಬಾಳಿದವಳನ್ನು ದೇವಿಯೆಂದು ಮೆರೆಸುವದು ಅನೀತಿಯೆಂಬುದು ಇನ್ನೊಂದು.

ಮೊದಲನೆಯ ಆಕ್ಷೇಪಕ್ಕೆ ಹೆಚ್ಚು ಮಾತು ಬೇಕಿಲ್ಲ. ಪಂಚಮಿ ಬಂದರೆ ಗದಗ-ಬೆಟಗೇರಿಯಿಂದ ಶಿರಹಟ್ಟಿ, ಮುಂಡರಗಿಗಳವರೆಗೆ ಹೆಣ್ಣುಮಕ್ಕಳು ತವರಿಗೆ ಬಂದು, ನಾಗಪ್ಪನಿಗೆ ಹಾಲೆರೆದು, ಜೋಕಾಲಿಯಾಡಿ, ಉಂಡಿ ತಿನ್ನುವರು. ಇಂದ್ರನು ಗೌತಮನ ವೇಷದಿಂದ ಅಹಲ್ಯೆಯ ಬಳಿ ಬಂದನೆಂದು ಪುರಾಣದಲ್ಲಿ ಕೈಮುಗಿದು ಕೇಳಿದವರೇ ಚಿತ್ರಪಟದಲ್ಲಿ ನಾಗನು ಬಂದರೆ ಹುಬ್ಬು ಗಂಟಿಕ್ಕುವದೇಕೆ? ಫ್ರಾನ್ಸಿನ ಝಾಂ ಕೊಕ್ತೋ 1946ರಲ್ಲಿ ತೆಗೆದ ಸುಂದರಿ ಮತ್ತು ಮೃಗದ ಚಿತ್ರದಲ್ಲಿಯೂ ಇಂಥದೇ ಅದ್ಭುತವಿದೆ. ತಂದೆ ಕಿತ್ತ ಒಂದು ಗುಲಾಬಿಯ ತಪ್ಪಿಗೆ ಅಲ್ಲಿ ಮಗಳು ಮೃಗದ ಮನೆಗೆ ಹೋಗಬೇಕಾಗುತ್ತದೆ. ಅದ್ಭುತವನ್ನು ತೆಗೆದಿಟ್ಟರೂ ಮನೆಯ ಸಂಕಟವು ಉಳಿದೇ ಉಳಿಯುತ್ತದೆ.

ಎರಡನೆಯ ಆಕ್ಷೇಪವನ್ನು ಸುಮ್ಮನೆ ಬಿಡುವಂತಿಲ್ಲ. ಅಪ್ಪಣ್ಣನು ಹೆಂಡತಿ ರಾಣಿಯನ್ನು ಒಳಗಿಟ್ಟು ಬೀಗ ಜಡಿದು, ಮಧ್ಯಾಹ್ನದ ಊಟಕ್ಕಷ್ಟೇ ಬರುತ್ತಾನೆ. ರಾತ್ರಿಗಳನ್ನು ಸೂಳೆಯ ಮನೆಯಲ್ಲಿ ಕಳೆಯುತ್ತಾನೆ. ಆಗ ಯಾವ ಪಂಚಾಯತಿಯೂ ಕೂಡಲಿಲ್ಲ. ಹಗಲು ಗದರಿಸುವವನೂ ರಾತ್ರಿ ಒಲಿದು ಬರುವವನೂ ಒಬ್ಬನೇ ಗಂಡನೆಂದು ನಂಬಿದ ರಾಣಿ ಬಸುರಾದೊಡನೆ ಪಂಚರು ಕೂಡುವರು. ದಿವ್ಯಕ್ಕೆ ನಿಲ್ಲುವವಳು ಅವಳೊಬ್ಬಳೇ. ಹುತ್ತದಲ್ಲಿ ಕೈಯಿಟ್ಟು, ನಾಗನನ್ನು ಹಿಡಿದು, ಗಂಡನನ್ನೂ ಈ ನಾಗನನ್ನೂ ಬಿಟ್ಟು ಬೇರಾರನ್ನೂ ಮುಟ್ಟಿದವಳಲ್ಲವೆಂದು ಅವಳು ಆಣೆ ಮಾಡುತ್ತಾಳೆ. ಅದರಲ್ಲಿ ಸುಳ್ಳೆಲ್ಲಿದೆ?

ಶಾಸ್ತ್ರದ ಹೆಸರಿನಿಂದ ಅನೀತಿಯೆನ್ನುವವರು ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯವನ್ನು ತೆರೆದು ನೋಡಲಿ. ತುಲೆ, ಅಗ್ನಿ, ಜಲ, ವಿಷ, ಕೋಶಗಳೆಂಬ ಐದು ದಿವ್ಯಗಳನ್ನು ಹೇಳುವಲ್ಲಿಯೇ ಸ್ಮೃತಿಕಾರನು ಕಟ್ಟುಪಾಡನ್ನೂ ವಿಧಿಸಿದ್ದಾನೆ. ದಿವ್ಯವು ಮಹಾಭಿಯೋಗಗಳಿಗೆ ಮಾತ್ರ. ಅದೂ ಸಾಮಾನ್ಯವಾಗಿ ಆರೋಪ ಹೊರಿಸಿದವನು ತಾನು ಸೋತರೆ ದಂಡ ತೆರುವೆನೆಂದು ಒಪ್ಪಿ ನಿಂತಾಗ. ಅಪ್ಪಣ್ಣನು ಏನನ್ನು ಒಪ್ಪಿ ನಿಂತನು? ನಾಗನು ಹೆಡೆಯೆತ್ತಿ ರಾಣಿಗೆ ನೆರಳಾದಾಗ ದೇವಿಯೆಂದು ಅವಳ ಕಾಲಿಗೆ ಬಿದ್ದ ಪಂಚರು ಅವನಿಗೆ ಒಂದು ಕಾಸಿನ ದಂಡವನ್ನೂ ಹಾಕಲಿಲ್ಲ.